ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈಫೈ: ಮೊದಲು ಚಿಪ್ ಯಾವುದೆಂದು ತಿಳಿಯಿರಿ

ಸೋಲಾಪುರದಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಂಡು, ಹುಲಜಂತಿಯ ಮನೆಯಲ್ಲಿ ಕೂತು ಅದಕ್ಕೆ ಲಿನಕ್ಸ್ ಹಾಕಿದವರು ಹೆಚ್ಚಾಗಿ ಹೇಳುವುದು ಇದನ್ನೇ: "ಸರ, ಎಲ್ಲಾ ಬಂತ್ರಿ, ವೈಫೈ ಅಷ್ಟ ಕಾಣವಲ್ದು."

ಗಾಬರಿ ಬೇಡ, ಬಹುಮಟ್ಟಿಗೆ ಲ್ಯಾಪ್‌ಟಾಪ್ ಕೆಟ್ಟಿರುವುದಿಲ್ಲ. ಒಳಗಿನ ಪುಟ್ಟ ರೇಡಿಯೋ ಚಿಪ್ ಕೆಲಸ ಮಾಡಲು ಲಿನಕ್ಸ್ ಕರ್ನಲ್‌ನಲ್ಲಿ ಅದರ ಡ್ರೈವರ್ ಇರಬೇಕು. ಸಾಮಾನ್ಯವಾಗಿ ಚಿಪ್‌ನೊಳಗೇ ಓಡುವ ಫರ್ಮ್‌ವೇರ್ ಕೂಡ ಬೇಕು. ಈ ಫರ್ಮ್‌ವೇರ್‌ನ ಮೂಲವನ್ನು ಕಂಪನಿಗಳು ಹೆಚ್ಚಾಗಿ ಬಿಟ್ಟುಕೊಡುವುದಿಲ್ಲ. ಆ ಕಾರಣಕ್ಕೇ ಡೆಬಿಯನ್ ಎಂಬ ಲಿನಕ್ಸ್ ಬಳಗ ಬಹುಕಾಲ ಅದನ್ನು ತನ್ನ ಅಧಿಕೃತ ಪ್ರತಿಯಿಂದ ಹೊರಗಿಟ್ಟಿತ್ತು. 2022ರಲ್ಲಿ ಅದರ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಫರ್ಮ್‌ವೇರ್ ಜೊತೆಗೇ ಸಿಗುತ್ತದೆ. ಹಳ್ಳಿಯಲ್ಲಿ ಕೂತು ಕಲಿಯುವವರ ಮಟ್ಟಿಗೆ ಅದು ಬಹಳ ಒಳ್ಳೆಯ ನಿರ್ಧಾರ. ಹಾಗಾಗಿ ಗೆಳೆಯರ ಹಳೇ ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿಕೊಳ್ಳಬೇಡಿ, ಹೊಸ ಆವೃತ್ತಿಯನ್ನೇ ಹುಡುಕಿ.

ಏರೋಪ್ಲೇನ್ ಮೋಡ್ ಆನ್ ಆಗಿದೆಯೇ, ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿರುವ ವೈಫೈ ಸ್ವಿಚ್ ಆಫ್ ಆಗಿದೆಯೇ ನೋಡಿ. ಎರಡೂ ಸರಿಯಿದ್ದರೆ ಟರ್ಮಿನಲ್ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು ಹುಡುಕಿ. ಇಂಟೆಲ್ ಎಂದಿದ್ದರೆ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ, ಸಾಮಾನ್ಯವಾಗಿ ಫರ್ಮ್‌ವೇರ್ ಇದ್ದರೆ ಸಾಕು. ಹೆಚ್ಚು ತೊಂದರೆ ಕೊಡುವುದು ಹಳೆಯ ಬ್ರಾಡ್‌ಕಾಮ್ ಚಿಪ್‌ಗಳು. ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದರೆ ಅವುಗಳ ಡ್ರೈವರ್ ಸಿಗುತ್ತದೆ.

ಆದರೆ ಅದನ್ನು ಇಳಿಸಿಕೊಳ್ಳಲು ನೆಟ್ ಬೇಕಲ್ಲ! ನಿಮ್ಮ ಆಂಡ್ರಾಯ್ಡ್ ಫೋನ್ ಸಾಕು. ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಗುರುತಿಸುತ್ತದೆ, ಬೇರೆ ಡ್ರೈವರ್ ಬೇಡ. ಬರೀ ಚಾರ್ಜಿಂಗ್‌ಗೆಂದು ಮಾಡಿದ ಕೇಬಲ್ ನಡೆಯದು. ಫೋಟೋ ಕಳಿಸಲು ಬರುವ ಕೇಬಲ್ ಬಳಸಿ.

ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳಿದರೆ, ಸೆಕ್ಯೂರ್ ಬೂಟ್ ಆನ್ ಇದೆ ಎಂದರ್ಥ. ಆ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ಮತ್ತೆ ಆನ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಬಹಳ ಮಂದಿ ಅದಕ್ಕೆ ಹೆದರಿ 'ಕಂಟಿನ್ಯೂ' ಒತ್ತಿಬಿಡುತ್ತಾರೆ, ಆಗ ಡ್ರೈವರ್ ಇದ್ದೂ ಓಡುವುದಿಲ್ಲ. ಅಲ್ಲಿ 'ಎನ್‌ರೋಲ್ ಎಂಓಕೆ' ಆರಿಸಿ, ಅದೇ ಪಾಸ್‌ವರ್ಡ್ ಕೊಡಿ.

ವೈಫೈ ಬಂದ ಮೇಲೂ ನಿಮ್ಮ ಹಾಟ್‌ಸ್ಪಾಟ್ ಕಾಣದಿದ್ದರೆ, ಫೋನಿನಲ್ಲಿ ಅದರ ಬ್ಯಾಂಡ್ ಅನ್ನು 5ರಿಂದ 2.4 ಗಿಗಾಹರ್ಟ್ಸ್‌ಗೆ ಬದಲಿಸಿ. ಹಳೆಯ ಎಷ್ಟೋ ಚಿಪ್‌ಗಳಿಗೆ 5 ಸಿಗುವುದಿಲ್ಲ. ಜೋಡಣೆ ಆಗಿದ್ದೂ ಪುಟ ತೆರೆಯದಿದ್ದರೆ, ಫೋನಿನಲ್ಲೇ ಒಂದು ಪುಟ ತೆರೆದು ನೋಡಿ. ಅಲ್ಲೂ ಬಾರದಿದ್ದರೆ ತೊಂದರೆ ಹೆಚ್ಚಾಗಿ ಟವರ್ ಕಡೆಯದು, ಲಿನಕ್ಸ್‌ನದಲ್ಲ. ದೀಪಾವಳಿಯಲ್ಲಿ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಜನ ಸೇರಿದಾಗ ಒಂದೇ ಟವರಿನ ಮೇಲೆ ಎಲ್ಲರ ಫೋನಿನ ಭಾರವೂ ಬೀಳುತ್ತದೆ. ದೊಡ್ಡ ಅಪ್‌ಡೇಟ್‌ಗಳನ್ನು ಹಬ್ಬಕ್ಕೆ ಮೊದಲೇ ಮುಗಿಸಿಕೊಳ್ಳಿ.