ಮೂಕಪ್ರಾಣಿಯ ನೋವು ಮತ್ತು ಸರಕಾರದ ಹಣ



ನಮ್ಮ ಕರುಗಳಿಗೆ ಹಾಕಿಸುವ ಲಸಿಕೆಗಳೂ ನಾವು ನುಂಗುವ ಔಷಧಗಳೂ ಹೆಚ್ಚಾಗಿ ಮೊದಲು ಪ್ರಾಣಿಗಳ ಮೇಲೆ ಪರೀಕ್ಷೆಯಾಗಿ ಬಂದವು. ಆದುದರಿಂದ ಪ್ರಯೋಗಶಾಲೆಯ ಪ್ರಾಣಿಯ ನೋವು ನಮಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ಈ ನೋವಿಗೆ ಮಿತಿ ಹಾಕಲು ಅಮೆರಿಕದಲ್ಲಿ ಸರಕಾರದ ಅನುದಾನವನ್ನೇ ಹಿಡಿತವಾಗಿ ಬಳಸಿದ ಸಂಗತಿಯನ್ನು ಈ ಸಲ ತಿಳಿಯೋಣ.

1984ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರ ವಿಡಿಯೋ ಚಿತ್ರಗಳು ಹೊರಬಿದ್ದವು. ತಲೆಪೆಟ್ಟಿನ ಸಂಶೋಧನೆಗಾಗಿ ಬಬೂನ್ ಕೋತಿಗಳ ತಲೆಗೆ ಯಂತ್ರದಿಂದ ಆಘಾತ ಕೊಡುವುದು ಅವುಗಳಲ್ಲಿತ್ತು. ಖರ್ಚು ಸರಕಾರದ್ದು. ಜನರು ಪ್ರತಿಭಟಿಸಿದ ಮೇಲೆ 1985ರ ಜುಲೈಯಲ್ಲಿ ಆರೋಗ್ಯ ಖಾತೆಯ ಮುಖ್ಯಸ್ಥೆ ಮಾರ್ಗರೇಟ್ ಹೆಕ್ಲರ್ ಅನುದಾನವನ್ನು ತಡೆಹಿಡಿದರು.

ಅದೇ ವರ್ಷ ಎರಡು ಕಾನೂನುಗಳು ಬಂದವು. ನವೆಂಬರದ ಕಾನೂನು, ಆರೋಗ್ಯ ಸಂಶೋಧನೆಗೆ ಸರಕಾರಿ ಹಣ ಪಡೆಯುವ ಸಂಸ್ಥೆಗಳಲ್ಲಿ ಪ್ರಾಣಿಪಾಲನಾ ಸಮಿತಿಯನ್ನು ಕಡ್ಡಾಯ ಮಾಡಿತು. ತಪ್ಪು ತಿದ್ದಿಕೊಳ್ಳದವರ ಅನುದಾನ ನಿಲ್ಲಿಸಲು ಅಧಿಕಾರ ಕೊಟ್ಟಿತು. ಡಿಸೆಂಬರದ್ದು ಆ ದೇಶದ ಕೃಷಿ ಕಾನೂನಿನೊಳಗೇ ಸೇರಿತ್ತು. ಅದರ ಮುಖ್ಯ ಅಂಶಗಳು:

1. ನೋವು ಆದಷ್ಟು ಕಡಿಮೆಯಿರಬೇಕು. ಅರಿವಳಿಕೆ, ನೋವುನಿವಾರಕ ಬಳಸಬೇಕು.
2. ನೋವಾಗುವ ಪ್ರಯೋಗಕ್ಕೆ ಬದಲಿ ದಾರಿ ಇದೆಯೇ ಎಂದು ಮೊದಲು ಯೋಚಿಸಬೇಕು. ಪಶುವೈದ್ಯರ ಸಲಹೆ ಪಡೆಯಬೇಕು.
3. ಸಮಿತಿಯಲ್ಲಿ ಕನಿಷ್ಠ 3 ಮಂದಿ ಇರಬೇಕು. ಒಬ್ಬರು ಪಶುವೈದ್ಯರು, ಇನ್ನೊಬ್ಬರು ಸಂಸ್ಥೆಗೆ ಸಂಬಂಧವಿಲ್ಲದವರು.

ಕೊರತೆಯೂ ಉಂಟು. ಕೃಷಿ ಸಂಶೋಧನೆಯ ದನ, ಹಂದಿ, ಕೋಳಿಗಳಿಗೆ ಈ ರಕ್ಷಣೆ ಸಿಗಲಿಲ್ಲ. ಸಂಶೋಧನೆಗೆಂದೇ ಸಾಕಿದ ಇಲಿ ಮತ್ತು ಹಕ್ಕಿಗಳನ್ನು 2002ರ ಕೃಷಿ ಕಾನೂನು ಸ್ಪಷ್ಟವಾಗಿ ಹೊರಗಿಟ್ಟಿತು.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಇದೇ ದಾರಿಯದು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಪಾಠ ಕಲಿಸಲಾಗುವಲ್ಲಿ ಪ್ರಾಣಿಪ್ರಯೋಗ ಬಿಡಬೇಕೆಂಬುದು ಅದರ ಆಶಯ. ಧರ್ಮಸಭೆಯ ಉಪದೇಶವೂ ಹಾಗೆಯೇ: ಮನುಷ್ಯರ ಪ್ರಾಣ ಉಳಿಸುವ ಪ್ರಯೋಗ ಮಿತಿಯೊಳಗಿದ್ದರೆ ಒಪ್ಪತಕ್ಕದ್ದು, ಕಾರಣವಿಲ್ಲದೆ ಪ್ರಾಣಿಯನ್ನು ನರಳಿಸುವುದು ಮನುಷ್ಯನ ಘನತೆಗೇ ತಕ್ಕದ್ದಲ್ಲ.

ಕಾನೂನು ಪ್ರಯೋಗಶಾಲೆಯಲ್ಲಿ ಕೇಳುವ ಪ್ರಶ್ನೆಯನ್ನು ನಾವು ನಮ್ಮ ಹಟ್ಟಿಯಲ್ಲಿಯೂ ಕೇಳಬೇಕು: ಈ ನೋವು ಅಗತ್ಯವೇ? ಕಡಿಮೆ ಮಾಡಲಾಗದೇ? ಕರುವಿನ ಕೊಂಬು ಸುಡಿಸುವ ಮೊದಲು, ಹೋರಿಯ ಬೀಜ ಒಡೆಸುವ ಮೊದಲು ಪಶುವೈದ್ಯರನ್ನು ಕರೆಸಿ ಮರಗಟ್ಟಿಸುವ ಚುಚ್ಚುಮದ್ದು ಕೊಡಿಸೋಣ. ಇದಕ್ಕೆ ಸರಕಾರದ ಆಜ್ಞೆ ಕಾಯಬೇಕಾಗಿಲ್ಲ.