ಹಳೇ ಪಿಕಪ್‌ಗೆ ಟರ್ಬೊ ಹಾಕಿಸೋ ಮುಂಚೆ: ಎಂಜಿನ್‌ಗೆ ಏನು ಕಮ್ಮಿ ಆಗಿದೆ ಅಂತ ತಿಳ್ಕೊಳ್ಳಿ



ಬೆಳೆ ಬೆಳೆಯೋದು ಅರ್ಧ ಕೆಲಸವಾದರೆ, ಅದನ್ನ ಬಾಡದ ಹಾಗೆ ಮಾರುಕಟ್ಟೆ ಮುಟ್ಟಿಸೋದು ಇನ್ನರ್ಧ ಕೆಲಸ. ಹಾಗಾಗಿ ಈ ವಾರ ಗೊಬ್ಬರ, ಕೀಟದ ವಿಷಯ ಬಿಟ್ಟು ಗಾಡಿಯ ವಿಷಯ ಬರೀತಿದ್ದೀನಿ. "ಅಣ್ಣಾ, ನಮ್ಮ ಹಳೇ ಡೀಸೆಲ್ ಪಿಕಪ್ ಲೋಡ್ ಹಾಕಿದ್ರೆ ಘಾಟಿ ಹತ್ತಲ್ಲ. ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಹಾಕಿದ್ರೆ ಆನೆ ಥರ ಎಳಿಯುತ್ತೆ ಅಂತಾರೆ, ಹಾಕಿಸ್ಲಾ?" ಅಂತ ನನ್ನನ್ನ ಕೇಳೋ ಹುಡುಗರು ಬಹಳ ಜನ ಇದ್ದಾರೆ.

ನಾನು ಓದಿದ್ದು ತೋಟಗಾರಿಕೆ, ಮೆಕ್ಯಾನಿಕ್ ಅಲ್ಲ. ಆದರೆ ಮಲೆನಾಡಿನ ಅಂಚಿನಲ್ಲಿ ಸಾವಯವ ತರಕಾರಿ, ಬಾಳೆ ಬೆಳೆದು, ಟರ್ಬೊ ಇಲ್ಲದ ಹಳೇ ಪಿಕಪ್‌ನಲ್ಲೇ ಚಾರ್ಮಾಡಿ ಇಳಿದು ಮಂಗಳೂರಿಗೆ ಸಾಗಿಸ್ತೀನಿ. ವಾಪಸ್ ಬರುವಾಗ ಕರಾವಳಿಯಿಂದ ಮೀನು ಗೊಬ್ಬರ ತುಂಬ್ಕೊಂಡು ಅದೇ ಘಾಟಿ ಹತ್ತಬೇಕು. ಹಾಗಾಗಿ ಟರ್ಬೊ ವಿಷಯವನ್ನ ಒಳ್ಳೇ ಮೇಸ್ತ್ರಿಗಳ ಹತ್ತಿರ ಕೂತು ಕಲ್ತಿದ್ದೀನಿ. ಅದರ ಸಾರ ಇಲ್ಲಿದೆ.

ಟರ್ಬೊ ಮಾಡೋದೇನು?

ಡೀಸೆಲ್ ಎಂಜಿನ್‌ಗೆ ಬೇಕಾಗಿರೋದು ಎರಡು: ಡೀಸೆಲ್ ಮತ್ತು ಗಾಳಿ. ಟರ್ಬೊ ಇಲ್ಲದ ಎಂಜಿನ್ ಪಿಸ್ಟನ್ ಕೆಳಗೆ ಇಳಿಯುವಾಗ ಎಷ್ಟು ಗಾಳಿ ಎಳ್ಕೊಳ್ಳುತ್ತೋ ಅಷ್ಟೇ ಅದರ ಪಾಲು. 2.5 ಲೀಟರ್ ಎಂಜಿನ್ 3,200 ಆರ್‌ಪಿಎಂನಲ್ಲಿ ತಿರುಗಿದರೆ, ಲೆಕ್ಕದ ಪ್ರಕಾರ ನಿಮಿಷಕ್ಕೆ ಹೆಚ್ಚೆಂದರೆ 4,000 ಲೀಟರ್ ಗಾಳಿ. ಅದಕ್ಕಿಂತ ಜಾಸ್ತಿ ಡೀಸೆಲ್ ಕೊಟ್ಟರೆ ಸುಡೋಕೆ ಗಾಳಿ ಸಾಲದೆ ಕಪ್ಪು ಹೊಗೆಯಾಗಿ ಹೋಗುತ್ತೆ.

ನಾವು ಕಾಲೇಜಿನಲ್ಲಿ ಲೀಬಿಗ್‌ನ ನಿಯಮ ಓದಿದ್ವಿ: ಯಾವ ಪೋಷಕಾಂಶ ಎಲ್ಲಕ್ಕಿಂತ ಕಮ್ಮಿ ಇದೆಯೋ, ಇಳುವರಿ ಅದರ ಮೇಲೆ ನಿಲ್ಲುತ್ತೆ. ಪೊಟ್ಯಾಷ್ ಕೊರತೆ ಇರೋ ಬಾಳೆಗೆ ಯೂರಿಯಾ ಸುರಿದರೆ ಗೊನೆ ದಪ್ಪ ಆಗಲ್ಲ. ಪೂರ್ತಿ ಲೋಡಿನಲ್ಲಿ ಘಾಟಿ ಹತ್ತೋ ಎಂಜಿನ್‌ಗೆ ಕೊರತೆ ಇರೋದು ಸಾಮಾನ್ಯವಾಗಿ ಗಾಳಿಯದ್ದು.

ಟರ್ಬೊ ತುಂಬೋದು ಆ ಕೊರತೆಯನ್ನ. ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನ ಒತ್ತಿ ಎಂಜಿನ್ ಒಳಗೆ ತಳ್ಳುತ್ತೆ. ಸಣ್ಣ ಟರ್ಬೊ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಮೀರಿ ಸುತ್ತು ತಿರುಗುತ್ತೆ. ಇದು ಹೊಸ ಉಪಾಯ ಏನಲ್ಲ, ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಅನ್ನೋ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಎತ್ತರದ ಊರಿನವರಿಗೆ ಇನ್ನೊಂದು ಲಾಭ. ಬೆಂಗಳೂರಿನಂಥ ಸುಮಾರು 900 ಮೀಟರ್ ಎತ್ತರದ ಜಾಗದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇ. 8ರಿಂದ 10ರಷ್ಟು ತೆಳುವಾಗಿರುತ್ತೆ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ. ಟರ್ಬೊ ಈ ನಷ್ಟ ತುಂಬಿಕೊಡುತ್ತೆ.

ಹಾಗಾದ್ರೆ ಶಕ್ತಿ ಎಷ್ಟು ಜಾಸ್ತಿ ಆಗುತ್ತೆ?

ಗ್ಯಾರೇಜುಗಳಲ್ಲಿ "ಡಬಲ್ ಪವರ್" ಅಂತಾರೆ. ಒಂದು ಲೆಕ್ಕ ಹಾಕಿ ನೋಡೋಣ. ಟರ್ಬೊಗಾಗಿ ಮಾಡದ ಎಂಜಿನ್‌ಗೆ 0.5 ಬಾರ್, ಅಂದ್ರೆ ಸುಮಾರು 7 ಪಿಎಸ್‌ಐ ಒತ್ತಡಕ್ಕಿಂತ ಮೇಲೆ ಹೋಗೋದು ಅಪಾಯ. ಅಷ್ಟು ಒತ್ತಿದರೆ ಗಾಳಿಯ ಒತ್ತಡ ಒಂದೂವರೆ ಪಟ್ಟು ಆಗುತ್ತೆ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತೆ: ಸೈಕಲ್ ಪಂಪ್ ಹೊಡೆದಾಗ ತುದಿ ಕಾಯೋದು ನೋಡಿರ್ತೀರಿ. 30 ಡಿಗ್ರಿಯ ಗಾಳಿ ಸುಮಾರು 85 ಡಿಗ್ರಿಗೆ ಏರುತ್ತೆ, ಬಿಸಿ ಗಾಳಿ ಹಿಗ್ಗುತ್ತೆ. ಕೊನೆಗೆ ಇಂಟರ್‌ಕೂಲರ್ ಇಲ್ಲದೆ ಎಂಜಿನ್‌ಗೆ ಸಿಗೋ ಹೆಚ್ಚಿನ ಗಾಳಿ ಕಾಲು ಭಾಗದಷ್ಟೇ.

ಕಾಲು ಭಾಗ ಅಂದ್ರೆ ಕಮ್ಮಿ ಏನಲ್ಲ. ಆದರೆ ಗಾಳಿ ಜಾಸ್ತಿ ಆದ ಮಾತ್ರಕ್ಕೆ ಶಕ್ತಿ ಬರಲ್ಲ, ಅದಕ್ಕೆ ತಕ್ಕ ಡೀಸೆಲ್ ಕೊಡೋ ಹಾಗೆ ಪಂಪ್ ಸೆಟ್ ಮಾಡಬೇಕು. ಗಂಡಾಂತರ ಶುರುವಾಗೋದು ಇಲ್ಲೇ.

ಫ್ಯಾಕ್ಟರಿ ಟರ್ಬೊ ಬೇರೆ, ಜೋಡಿಸಿದ ಟರ್ಬೊ ಬೇರೆ

ಮಹೀಂದ್ರದ 2,523 ಸಿಸಿ ಡಿಐ ಎಂಜಿನ್ ಟರ್ಬೊ ಇಲ್ಲದೆಯೂ ಬಂದಿದೆ, ಟರ್ಬೊ ಜೊತೆಗೂ ಬಂದಿದೆ. ಅದಕ್ಕೇ ಗುಜರಿಯಿಂದ ಟರ್ಬೊ ತಂದು ಹಳೇದಕ್ಕೆ ಕೂರಿಸೋದು ಸುಲಭ ಅಂತ ಕಾಣುತ್ತೆ. ಆದರೆ ಕಂಪನಿಯವರು ಯಾವುದೇ ಎಂಜಿನ್‌ಗೆ ಟರ್ಬೊ ಕೊಡುವಾಗ ಟರ್ಬೊ ಒಂದನ್ನೇ ಕೂರಿಸಿ ಸುಮ್ಮನಾಗಲ್ಲ. ಪಿಸ್ಟನ್, ರಿಂಗ್, ಕಂಪ್ರೆಷನ್, ಹೆಡ್ ಗ್ಯಾಸ್ಕೆಟ್, ಡೀಸೆಲ್ ಪಂಪ್, ನಾಝಲ್, ಆಯಿಲ್ ಹರಿವು, ರೇಡಿಯೇಟರ್ ಎಲ್ಲವನ್ನೂ ಹೊಸ ಶಾಖಕ್ಕೆ ಹೊಂದಿಸ್ತಾರೆ. ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ತಣ್ಣಗಿಡೋಕೆ ಕೆಳಗಿಂದ ಆಯಿಲ್ ಚಿಮ್ಮಿಸೋ ಜೆಟ್ ಇರುತ್ತೆ.

ಪಂಪ್‌ನಲ್ಲೂ ವ್ಯತ್ಯಾಸ ಇರುತ್ತೆ. ಟರ್ಬೊ ಎಂಜಿನ್‌ನ ಎಷ್ಟೋ ಪಂಪ್‌ಗಳ ಮೇಲೆ ಗಾಳಿಯ ಒತ್ತಡ ತಿಳಿಯೋ ಒಂದು ಡಯಾಫ್ರಮ್ ಇರುತ್ತೆ. ಒತ್ತಡ ಬಂದ ಮೇಲಷ್ಟೇ ಅದು ಹೆಚ್ಚಿನ ಡೀಸೆಲ್ ಬಿಡುತ್ತೆ. ಹಳೇ ಪಂಪ್‌ನಲ್ಲಿ ಅದಿಲ್ಲದೆ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿದರೆ, ಟರ್ಬೊ ಇನ್ನೂ ವೇಗ ಹಿಡಿಯೋ ಮೊದಲೇ ಡೀಸೆಲ್ ಸುರಿಯುತ್ತೆ. ಫಲ: ಕಪ್ಪು ಹೊಗೆ, ವಿಪರೀತ ಶಾಖ, ಕರಗಿದ ಪಿಸ್ಟನ್.

ಒಂದು ಮಾತು ನೆನಪಿಡಿ: ಟರ್ಬೊ ಎಂಜಿನ್‌ಗೆ ಗಾಳಿ ಕೊಡುತ್ತೆ, ಗಟ್ಟಿತನ ಕೊಡಲ್ಲ. ಎಂಜಿನ್‌ನಲ್ಲಿ ಏನಿದೆಯೋ ಅದನ್ನೇ ಹೆಚ್ಚಿಸುತ್ತೆ. ಒಳ್ಳೇದಿದ್ದರೆ ಒಳ್ಳೇದು, ಸವೆತ ಇದ್ದರೆ ಸವೆತ.

ಮೊದಲು ಈ 6 ಪರೀಕ್ಷೆ ಮಾಡಿಸಿ

ಘಾಟಿ ಹತ್ತದ ಗಾಡಿಗಳಲ್ಲಿ ಎಷ್ಟೋ ಗಾಡಿಗಳಿಗೆ ಬೇಕಾಗಿರೋದು ಟರ್ಬೊ ಅಲ್ಲ, ಕಳೆದುಕೊಂಡ ಶಕ್ತಿ ವಾಪಸ್ ಬರೋದು.

1. ಏರ್ ಫಿಲ್ಟರ್. ಮಣ್ಣು ರಸ್ತೆಯ ಗಾಡಿಗೆ ಇದೇ ಮೊದಲ ಅಪರಾಧಿ. ಆಯಿಲ್ ಬಾತ್ ಫಿಲ್ಟರ್ ಆಗಿದ್ದರೆ ತಳದಲ್ಲಿ ಕೆಸರು ಕೂತಿದೆಯಾ ನೋಡಿ.
2. ಹೊಗೆಯ ಬಣ್ಣ. ಲೋಡ್ ಹಾಕಿ ಏರು ಹತ್ತುವಾಗ, ಹಿಂದೆ ಬರೋ ಸ್ನೇಹಿತನ ಹತ್ತಿರ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ. ಕಪ್ಪು ಅಂದ್ರೆ ಗಾಳಿ ಕಮ್ಮಿ ಅಥವಾ ಡೀಸೆಲ್ ಜಾಸ್ತಿ. ನೀಲಿ ಅಂದ್ರೆ ಆಯಿಲ್ ಸುಡ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬರ್ತಿದ್ರೆ ಡೀಸೆಲ್ ಸರಿಯಾಗಿ ಸುಡ್ತಿಲ್ಲ, ಇಲ್ಲಾ ನೀರು ಒಳಗೆ ಹೋಗ್ತಿದೆ.
3. ನಾಝಲ್ ಮತ್ತು ಪಂಪ್ ಟೈಮಿಂಗ್. ನಾಝಲ್ ಬಿಚ್ಚಿಸಿ ಟೆಸ್ಟರ್ ಮೇಲೆ ನಿಮ್ಮ ಕಣ್ಣೆದುರೇ ನೋಡಿ. ಮಂಜಿನ ಹಾಗೆ ಸಿಂಪಡಣೆ ಆಗಬೇಕು, ತೊಟ್ಟಿಕ್ಕಬಾರದು. ನಮ್ಮ ಸ್ಪ್ರೇಯರ್ ನಾಝಲ್ ಪರೀಕ್ಷೆ ಹೇಗೋ ಹಾಗೇ.
4. ಟ್ಯಾಪೆಟ್ ಸೆಟ್ಟಿಂಗ್ ಮತ್ತು ಡೀಸೆಲ್ ಫಿಲ್ಟರ್. ಖರ್ಚು ಕಮ್ಮಿ, ಮರೆಯೋರು ಜಾಸ್ತಿ.
5. ಬ್ಯಾಕ್ ಕಂಪ್ರೆಷನ್. ಎಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಹೊಗೆ ರಭಸವಾಗಿ ಉಗುಳುತ್ತಿದ್ದರೆ ರಿಂಗ್, ಬೋರ್ ಸವೆದಿವೆ.
6. ಕಂಪ್ರೆಷನ್ ಟೆಸ್ಟ್. ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆಸಿ. ಒಂದಕ್ಕೊಂದು ಬಹಳ ವ್ಯತ್ಯಾಸ ಇದ್ದರೆ ಟರ್ಬೊ ಮಾತು ಅಲ್ಲಿಗೇ ಬಿಡಿ.

ನನ್ನ ಪಿಕಪ್‌ಗೂ ಟರ್ಬೊ ಸಲಹೆ ಬಂದಿತ್ತು. ಈ ಪಟ್ಟಿಯ ಮೊದಲ ನಾಲ್ಕನ್ನ ಮಾಡಿಸಿದ ಮೇಲೆ, ಎರಡನೇ ಗೇರಿಗೆ ಇಳಿಸ್ತಿದ್ದ ಕೆಲವು ಏರುಗಳನ್ನ ಅದೇ ಲೋಡಿನಲ್ಲಿ ಮೂರನೇ ಗೇರಿನಲ್ಲೇ ಹತ್ತುತ್ತೆ. ನೀವೂ ರಿಪೇರಿಗೆ ಮುಂಚೆ ಮತ್ತು ಆಮೇಲೆ ಒಂದೇ ಏರು, ಒಂದೇ ಲೋಡ್ ಇಟ್ಕೊಂಡು ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಸಮಯ ಬರ್ಕೊಳ್ಳಿ. ನಿಜ ಗೊತ್ತಾಗುತ್ತೆ.

ಟರ್ಬೊ ಕೂರಿಸುವಾಗ ಏನೇನು ಇರಲೇಬೇಕು?

ಪರೀಕ್ಷೆ ಎಲ್ಲ ಪಾಸಾಗಿ, ಅನುಮತಿಯೂ ಸಿಕ್ಕಿ ಹಾಕಿಸೋದೇ ಆದರೆ ಇವುಗಳಲ್ಲಿ ಒಂದನ್ನೂ ಬಿಡಬೇಡಿ:

- ಸರಿಯಾದ ಅಳತೆ. ದೊಡ್ಡ ಲಾರಿಯ ಟರ್ಬೊ ಸಣ್ಣ ಎಂಜಿನ್‌ನಲ್ಲಿ ಏಳೋದೇ ಇಲ್ಲ. ಬಹಳ ಚಿಕ್ಕದಾದರೆ ಹೊಗೆಗೆ ದಾರಿ ಸಾಲದೆ, ವೇಗ ಮಿತಿ ಮೀರಿ ಒಡೆಯುತ್ತೆ. ಅದೇ ಎಂಜಿನ್ ಜಾತಿಯ ಫ್ಯಾಕ್ಟರಿ ಟರ್ಬೊ ಮತ್ತು ಮ್ಯಾನಿಫೋಲ್ಡೇ ಸೂಕ್ತ.
- ಆಯಿಲ್ ದಾರಿ. ಟರ್ಬೊ ಶಾಫ್ಟ್ ತೇಲೋದು ಆಯಿಲ್ ಪದರದ ಮೇಲೆ. ಒತ್ತಡದಲ್ಲಿ ಬರೋ ಪೈಪ್ ಸಣ್ಣದಿರಲಿ, ವಾಪಸ್ ಹೋಗೋ ಪೈಪ್ ದಪ್ಪ ಇರಲಿ. ವಾಪಸ್ ಪೈಪ್ ನೇರವಾಗಿ ಕೆಳಗಿಳಿದು ಚೇಂಬರ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಮಡಿಕೆ ಬಿದ್ದರೆ ಆಯಿಲ್ ನಿಂತು ಸೀಲ್ ದಾಟಿ ಎಂಜಿನ್ ಒಳಗೆ ಹೋಗುತ್ತೆ.
- ಎರಡು ಮೀಟರ್. ಒಂದು ಗಾಳಿಯ ಒತ್ತಡ ತೋರಿಸೋದು, ಇನ್ನೊಂದು ಹೊಗೆಯ ಶಾಖ ತೋರಿಸೋ ಪೈರೋಮೀಟರ್. ಟರ್ಬೊಗೆ ಮುಂಚಿನ ಶಾಖ 700 ಡಿಗ್ರಿ ಸೆಲ್ಸಿಯಸ್ ದಾಟೋಕೆ ಬಿಡಬೇಡಿ. ಸಾಮಾನ್ಯ ಟೆಂಪರೇಚರ್ ಮುಳ್ಳು ತೋರಿಸೋದು ನೀರಿನ ಶಾಖ. ಅದು ಏರೋ ಹೊತ್ತಿಗೆ ಪಿಸ್ಟನ್ ಕಥೆ ಮುಗಿದಿರಬಹುದು.
- ಧೂಳು ನುಗ್ಗದ ಫಿಲ್ಟರ್. ಲಕ್ಷ ಸುತ್ತು ತಿರುಗೋ ಚಕ್ರಕ್ಕೆ ಮರಳಿನ ಕಣವೂ ಕಲ್ಲೇ. ಪೈಪಿನ ಪ್ರತಿ ಕ್ಲಿಪ್ ಬಿಗಿ ಇರಬೇಕು.
- ಕ್ಲಚ್, ರೇಡಿಯೇಟರ್, ಬ್ರೇಕ್. ಹೊಸ ಶಕ್ತಿಯನ್ನ ಚಕ್ರಕ್ಕೆ ಮುಟ್ಟಿಸೋದು ಹಳೇ ಕ್ಲಚ್ಚೇ. ಘಾಟಿ ಹತ್ತಿಸೋದು ಎಂಜಿನ್, ಆದರೆ ಇಳಿಸೋದು ಬ್ರೇಕ್. ಟರ್ಬೊ ಹಾಕಿದ್ರೆ ಬ್ರೇಕ್ ದೊಡ್ಡದಾಗಲ್ಲ, ಆರ್‌ಸಿಯಲ್ಲಿರೋ ತೂಕದ ಮಿತಿಯೂ ಬದಲಾಗಲ್ಲ.

ಮೇಸ್ತ್ರಿ ಟರ್ಬೊ ಒಂದರ ಬೆಲೆ ಹೇಳಿದ್ರೆ ಒಪ್ಕೋಬೇಡಿ. ಮೇಲಿನ ಎಲ್ಲವನ್ನೂ ಸೇರಿಸಿ ಕಾಗದದ ಮೇಲೆ ಎಸ್ಟಿಮೇಟ್ ಬರೆಸ್ಕೊಳ್ಳಿ.

ಓಡಿಸೋ ರೀತಿಯೂ ಬದಲಾಗಬೇಕು

ಸ್ಟಾರ್ಟ್ ಮಾಡಿದ ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ, ಒಂದು ನಿಮಿಷ ಆಯಿಲ್ ಮೇಲೇರಲಿ. ಘಾಟಿ ಹತ್ತಿ ಟೀ ಅಂಗಡಿ ಮುಂದೆ ನಿಲ್ಲಿಸಿದಾಗ ಕೂಡಲೇ ಕೀ ತೆಗೀಬೇಡಿ. 2-3 ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲಾಂದ್ರೆ ಕಾದ ಶಾಫ್ಟ್ ಸುತ್ತ ನಿಂತ ಆಯಿಲ್ ಸುಟ್ಟು ಗಟ್ಟಿಯಾಗುತ್ತೆ. ಆಯಿಲ್‌ನ್ನ ಮೊದಲಿಗಿಂತ ಬೇಗ ಬದಲಾಯಿಸಬೇಕು.

ಇನ್ನೊಂದು ಜೀವದ ಪ್ರಶ್ನೆ. ಟರ್ಬೊ ಸೀಲ್ ಹೋಗಿ ಆಯಿಲ್ ಗಾಳಿ ಪೈಪಿಗೆ ನುಗ್ಗಿದರೆ, ಎಂಜಿನ್ ಆ ಆಯಿಲನ್ನೇ ಸುಟ್ಟು ತಾನಾಗೇ ರೇಸ್ ಆಗುತ್ತೆ. ಕೀ ತೆಗೆದರೂ ನಿಲ್ಲಲ್ಲ, ಯಾಕಂದ್ರೆ ಅದು ಓಡ್ತಿರೋದು ಡೀಸೆಲ್‌ನಲ್ಲಿ ಅಲ್ಲ. ಆಗ ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಎಂಜಿನ್ ಆಫ್ ಮಾಡಿ. ಗಾಳಿ ಹೋಗೋ ಬಾಯಿಯನ್ನ ಗಟ್ಟಿ ಹಲಗೆಯಿಂದ ಮುಚ್ಚಿದರೂ ನಿಲ್ಲುತ್ತೆ. ಆದರೆ ಕೈ ಅಡ್ಡ ಇಡಬೇಡಿ, ಬಟ್ಟೆ ತುರುಕಬೇಡಿ. ಯಾವುದೂ ಆಗದಿದ್ದರೆ ದೂರ ಓಡಿ. ಎಂಜಿನ್ ಹೋದರೆ ಹೋಗಲಿ.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಶಿಕ್ಷೆ ಮಾಲೀಕನಿಗೆ ಅನ್ನೋದನ್ನ ಗಮನಿಸಿ.

ದಂಡಕ್ಕಿಂತ ದೊಡ್ಡ ಹೊಡೆತ ಇನ್ಶೂರೆನ್ಸ್. ಅಪಘಾತ ಆದಾಗ ಸರ್ವೇಯರ್ ಬಾನೆಟ್ ತೆಗೆದು ಆರ್‌ಸಿಯಲ್ಲಿಲ್ಲದ ಟರ್ಬೊ ನೋಡಿದರೆ ಕ್ಲೇಮ್‌ಗೆ ತಕರಾರು ಬರುತ್ತೆ. ಒಂದು ಸೀಸನ್ನಿನ ದುಡಿಮೆ ಹಾಗೇ ಹೋಗುತ್ತೆ. ಹಾಗಾಗಿ ಕೆಲಸಕ್ಕೆ ಕೈ ಹಾಕೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಬಾಯಿಮಾತಿನ "ಏನಾಗಲ್ಲ ಬಿಡಿ" ನಂಬಬೇಡಿ.

ನನ್ನ ಸಲಹೆ

ರಸ್ತೆ ಮೇಲೆ ಓಡೋ ಗಾಡಿಗೆ ನಾನು ಹೇಳೋ ಕ್ರಮ ಇದು: ಮೊದಲು 6 ಪರೀಕ್ಷೆ ಮಾಡಿಸಿ, ಇರೋ ಶಕ್ತಿಯನ್ನ ವಾಪಸ್ ತನ್ನಿ. ಸಾಲದಿದ್ದರೆ ಲೋಡ್ ಕಮ್ಮಿ ಮಾಡಿ, ಇಲ್ಲಾ ಪಕ್ಕದ ಇಬ್ಬರು ರೈತರ ಜೊತೆ ಸೇರಿ ದೊಡ್ಡ ಗಾಡಿ ಬಾಡಿಗೆಗೆ ಹಿಡೀರಿ. ಅದೂ ಸಾಲದಿದ್ದರೆ ಹಳೇದನ್ನ ಮಾರಿ, ಟರ್ಬೊ ಕೊಟ್ಟ ಎಸ್ಟಿಮೇಟ್ ದುಡ್ಡನ್ನ ಅದಕ್ಕೆ ಸೇರಿಸಿ, ಫ್ಯಾಕ್ಟರಿಯಿಂದಲೇ ಟರ್ಬೊ ಇರೋ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ. ಹೊರಗಿಂದ ಟರ್ಬೊ ಜೋಡಿಸೋದು ಕೊನೇ ದಾರಿ, ಅದೂ ಆರ್‌ಟಿಒ ಅನುಮತಿ ಕೈಯಲ್ಲಿದ್ದರೆ ಮಾತ್ರ.

ಈ ವಾರ ಖರ್ಚಿಲ್ಲದ ಎರಡು ಕೆಲಸ ಮಾಡಿ: ಏರ್ ಫಿಲ್ಟರ್ ಬಿಚ್ಚಿ ನೋಡಿ, ಏರಿನಲ್ಲಿ ಹೊಗೆಯ ವಿಡಿಯೊ ಮಾಡ್ಕೊಳ್ಳಿ. ಮೇಸ್ತ್ರಿ ಹತ್ತಿರ ಹೋದಾಗ "ಟರ್ಬೊ ಹಾಕಿ" ಅನ್ನೋ ಬದಲು ಆ ವಿಡಿಯೊ ತೋರಿಸಿ, "ಇದು ಯಾಕೆ ಹೀಗೆ?" ಅಂತ ಕೇಳಿ.