ರದ್ದಿ ಕಾಗದದ ವಾಯುನೌಕೆ

ಮನೆಯ ರದ್ದಿ ಸಾಮಗ್ರಿಯಿಂದಲೇ ವಾಯುನೌಕೆಯ ಮಾದರಿಯನ್ನು ತಯಾರಿಸಬಹುದು. ಉದ್ದನೆಯ ಬಲೂನನ್ನು ಬಾಯಿಂದ ಊದಿ, ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಿಂದ ಅದರ ಮೇಲೆ ಮೂರು ಪದರಗಳಾಗಿ ಅಂಟಿಸಬೇಕು. ಒಣಗಿದ ಬಳಿಕ ಬೆಂಕಿಪೊಟ್ಟಣದ ತೊಟ್ಟಿಲು, ರಟ್ಟಿನ ಚುಕ್ಕಾಣಿ, ಪೇಸ್ಟ್ ಟ್ಯೂಬಿನ ಮುಚ್ಚಳದ ದೀಪ ಮುಂತಾದವುಗಳನ್ನು ಕಲ್ಪನೆಗೆ ತಕ್ಕಂತೆ ಜೋಡಿಸಿ, ದಾರದಿಂದ ತೂಗುಹಾಕಬೇಕು.

ಈ ಮಾದರಿ ತಾನಾಗಿ ಹಾರದು. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ, ಅಷ್ಟೇ ಹೀಲಿಯಂ ಅನಿಲದ ತೂಕ 0.2 ಗ್ರಾಂಗಿಂತ ಕಡಿಮೆ. ಆದುದರಿಂದ ಒಂದು ಲೀಟರ್ ಹೀಲಿಯಂ ಕೂಡ ಸುಮಾರು ಒಂದು ಗ್ರಾಂ ಭಾರವನ್ನಷ್ಟೇ ಎತ್ತಬಲ್ಲದು. ನಿಜವಾದ ವಾಯುನೌಕೆಗಳು ಬೃಹದಾಕಾರವಾಗಿರುವುದು ಇದಕ್ಕಾಗಿಯೇ.

ಹೀಲಿಯಂ ಶೋಧದಲ್ಲಿ ಚೆನ್ನೈಗೂ ಪಾಲುಂಟು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಅಂದಿನ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಮಚಲೀಪಟ್ಟಣಕ್ಕೆ ತೆರಳಿದ್ದರು. ಅಂದು ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಕಂಡ ಹಳದಿ ರೇಖೆ ಈ ಅನಿಲದ ಗುರುತೆಂದು ಮುಂದೆ ತಿಳಿದುಬಂದಿತು.

ಹೀಲಿಯಂ ಉರಿಯುವುದಿಲ್ಲ; ಅದಕ್ಕಿಂತಲೂ ಹಗುರವಾದ ಜಲಜನಕವು ಥಟ್ಟನೆ ಹೊತ್ತಿಕೊಳ್ಳುತ್ತದೆ. ಜಲಜನಕ ತುಂಬಿದ್ದ ಜರ್ಮನಿಯ ಹಿಂಡೆನ್‌ಬರ್ಗ್ ವಾಯುನೌಕೆ 1937ರ ಮೇ 6ರಂದು ಅಮೆರಿಕದಲ್ಲಿ ಹೊತ್ತಿ ಉರಿದು 36 ಮಂದಿ ಮಡಿದರು. ಆದುದರಿಂದ ಮಕ್ಕಳ ಮಾದರಿಗಳಲ್ಲಿ ಜಲಜನಕವನ್ನು ಎಂದಿಗೂ ತುಂಬಬಾರದು. ಜಾತ್ರೆಯಲ್ಲಿ ಕೊಂಡ ಗ್ಯಾಸ್ ಬಲೂನುಗಳನ್ನು ದೀಪ, ಒಲೆಗಳ ಸಮೀಪಕ್ಕೆ ಒಯ್ಯಬಾರದು.